ಹೊಳಪಿಗೆ ಮರುಳಾಗಬೇಡಿ: ಅಡುಗೆಮನೆ, ಬಚ್ಚಲುಮನೆಗಳ ವಿಷ ತಗ್ಗಿಸುವುದು ಹೇಗೆ?

ಸಂತೆಯಲ್ಲಿ ಎರಡು ಬಗೆಯ ಅಚ್ಚು ಬೆಲ್ಲ ಇಟ್ಟಿದ್ದಾರೆ ಅಂದುಕೊಳ್ಳಿ. ಒಂದು ಚಿನ್ನದ ಬಣ್ಣದ್ದು, ಇನ್ನೊಂದು ಮಣ್ಣುಗಂದು. ಹೆಚ್ಚಿನವರ ಕೈ ಚಿನ್ನದ ಬಣ್ಣದ ಕಡೆಗೇ ಹೋಗುತ್ತದೆ. ಅದು ವ್ಯಾಪಾರಿಗೂ ಗೊತ್ತು, ಆಲೆಮನೆಯವರಿಗೂ ಗೊತ್ತು. ಆ ಬಣ್ಣ ಬರಲೆಂದೇ ಕುದಿಯುವ ಕೊಪ್ಪರಿಗೆಗೆ ‘ಹೈಡ್ರೋಸ್’ ಎಂಬ, ಗಂಧಕ ಸೇರಿದ ಬಿಳಿಚಿಸುವ ಪುಡಿ ಬೀಳುತ್ತದೆ. ಅರಿಸಿನ ಝಗಝಗಿಸಬೇಕು, ಗೋಬಿ ಮಂಚೂರಿ ಕೆಂಪಗಿರಬೇಕು, ಮಾವು ಒಂದೇ ಸಮ ಹಳದಿಯಾಗಿರಬೇಕು, ಮುಖ ಬೆಳ್ಳಗಾಗಬೇಕು, ಕೂದಲು ಐದೇ ನಿಮಿಷದಲ್ಲಿ ಕಪ್ಪಾಗಬೇಕು. ನಮ್ಮ ಮನೆಗಳಿಗೆ ಬರುವ ತೀರಾ ಕೆಟ್ಟ ರಾಸಾಯನಿಕಗಳಲ್ಲಿ ಹಲವು ಈ ಬಣ್ಣದ ಆಸೆಯ ಬೆನ್ನು ಹತ್ತಿಯೇ ಬರುತ್ತವೆ. ಹಾಗಾಗಿ ಲೇಬಲ್ಲಿನ ಉದ್ದುದ್ದ ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಮುಂಚೆ, ಮಂಕಾಗಿ ಕಾಣುವುದನ್ನು ಕೊಳ್ಳುವ ಅಭ್ಯಾಸ ಮಾಡಿಕೊಂಡರೆ ದೊಡ್ಡ ಕೆಲಸ ಮುಗಿದಂತೆ.

ಎಲ್ಲವನ್ನೂ ಒಂದೇ ದಿನ ಬದಲಿಸಲು ಹೊರಟರೆ ಸುಸ್ತಾಗಿ ಬಿಟ್ಟುಬಿಡುತ್ತೇವೆ. ಯಾವುದನ್ನು ಮೊದಲು ಸರಿಪಡಿಸಬೇಕು ಎಂದು ತಿಳಿಯಲು ಪ್ರತಿ ವಸ್ತುವಿನ ಬಗ್ಗೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ದಿನವೂ ಬಳಸುತ್ತೇವೆಯೇ? ಇದರಲ್ಲಿರಬಹುದಾದದ್ದು ದೇಹದಲ್ಲಿ ಉಳಿದು ಕೂಡುತ್ತಾ ಹೋಗುತ್ತದೆಯೇ? ಮನೆಯಲ್ಲಿ ಇದನ್ನು ಬಳಸುವವರು ಮಕ್ಕಳೋ, ಬಸುರಿಯರೋ? ಮೂರಕ್ಕೂ ‘ಹೌದು’ ಎಂದು ಬಂದರೆ ಅದು ಮೊದಲ ಸಾಲಿನ ಕೆಲಸ. ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ತಿನ್ನುವ ಮಿಠಾಯಿಗಿಂತ ದಿನಾ ಒಗ್ಗರಣೆಗೆ ಬೀಳುವ ಅರಿಸಿನ ಮುಖ್ಯ.

ಮೊದಲ ಹೆಜ್ಜೆ: ಮಸಾಲೆ ಡಬ್ಬಿ

ಅರಿಸಿನದಿಂದಲೇ ಶುರು ಮಾಡೋಣ. ಕೊಂಬಿಗೆ ಹೊಳಪು ಕೊಡುವಾಗ ಕೆಲವರು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಸವರುತ್ತಾರೆ. ಅದರಲ್ಲಿರುವುದು ಸೀಸ. ಸೀಸಕ್ಕೆ ‘ಇಷ್ಟರವರೆಗೆ ಪರವಾಗಿಲ್ಲ’ ಎನ್ನುವ ಸುರಕ್ಷಿತ ಮಟ್ಟವೇ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಮೂಳೆಯಲ್ಲಿ ಸೇರಿಕೊಂಡು ವರ್ಷಗಟ್ಟಲೆ ಕೂತಿರುತ್ತದೆ. ಬಸುರಿನಲ್ಲಿ ತಾಯಿಯ ಮೂಳೆ ಕರಗುವಾಗ ಮತ್ತೆ ರಕ್ತಕ್ಕೆ ಇಳಿದು ಮಗುವನ್ನೂ ಮುಟ್ಟುತ್ತದೆ. ಬೆಳೆಯುವ ಮಕ್ಕಳಲ್ಲಿ ಬುದ್ಧಿಶಕ್ತಿ, ಗಮನ ಎರಡನ್ನೂ ಕುಗ್ಗಿಸುತ್ತದೆ, ಹೊರಗೆ ಯಾವ ರೋಗಲಕ್ಷಣವೂ ಕಾಣದಂತೆ.

ಇದನ್ನು ತಡೆಯಲು ಆಗುವುದಿಲ್ಲ ಎಂದೇನಿಲ್ಲ. ಬಾಂಗ್ಲಾದೇಶದಲ್ಲಿ 2019ರಲ್ಲಿ ಪೇಟೆಯ ಅರಿಸಿನದ ಮಾದರಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಸೀಸ ಸಿಕ್ಕಿತ್ತು. ಸರ್ಕಾರ ಮಾರುಕಟ್ಟೆಗಳಿಗೆ ಹೋಗಿ ಅಲ್ಲೇ ಪರೀಕ್ಷಿಸಿ, ದಂಡ ಹಾಕಿ, ಜನರಿಗೆ ತಿಳಿಸಿತು. 2021ರ ಹೊತ್ತಿಗೆ ಪರೀಕ್ಷಿಸಿದ ಮಾದರಿಗಳಲ್ಲಿ ಅದು ಇಲ್ಲವಾಗಿತ್ತು. ಎರಡೇ ವರ್ಷದ ಮಾತು.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಬಿಡಿ ಪುಡಿ ಕೊಳ್ಳುವುದನ್ನು ನಿಲ್ಲಿಸಿ. ವರ್ಷಕ್ಕೆ ಬೇಕಾದಷ್ಟು ಕೊಂಬನ್ನೇ ಕೊಂಡು, ಬಿಸಿಲಿಗೆ ಒಣಗಿಸಿ, ಮಿಲ್ಲಿನಲ್ಲಿ ಪುಡಿ ಮಾಡಿಸಿ. ಚಾಮರಾಜನಗರದ ಕಡೆ ನೆಂಟರೋ ಗೆಳೆಯರೋ ಇದ್ದರೆ ಬೆಳೆಗಾರರಿಂದಲೇ ತರಿಸಿಕೊಳ್ಳಬಹುದು. ಹೊರಮೈ ಮಂಕಾಗಿ, ಸುಕ್ಕುಸುಕ್ಕಾಗಿ, ಅಲ್ಲಲ್ಲಿ ಸಿಪ್ಪೆಯ ಕಂದು ಉಳಿದಿರುವ ಕೊಂಬನ್ನು ಆರಿಸಿ. ಕೊಳ್ಳುವ ಮುಂಚೆ ಒಂದು ಕೊಂಬನ್ನು ಗಾಜಿನ ಲೋಟದ ನೀರಿಗೆ ಹಾಕಿ ಸುಮ್ಮನೆ ಬಿಡಿ. ಶುದ್ಧ ಕೊಂಬು ಬಣ್ಣ ಬಿಡುವುದಿಲ್ಲ. ಬಣ್ಣ ಸವರಿದ್ದು ಕೂಡಲೇ ನೀರನ್ನು ಹಳದಿ ಮಾಡುತ್ತದೆ. ಇದು ಆಹಾರ ಸುರಕ್ಷತಾ ಪ್ರಾಧಿಕಾರವೇ ಜನರಿಗೆ ಹೇಳಿಕೊಟ್ಟಿರುವ ಪರೀಕ್ಷೆ. ಕೊಂಬು ತಂದು ಪುಡಿ ಮಾಡಿಸುವಷ್ಟು ಪುರುಸೊತ್ತಿಲ್ಲದಿದ್ದರೆ ಅಗ್‌ಮಾರ್ಕ್ ಇರುವ ಪೊಟ್ಟಣ ಕೊಳ್ಳಿ. ಬಿಡಿ ಪುಡಿಗಿಂತ ಅದು ವಾಸಿ.

ಮೆಣಸಿನ ಪುಡಿಯಲ್ಲಿ ಭಯ ಸುಡಾನ್ ಕೆಂಪಿನದು. ಬಟ್ಟೆ, ಮೇಣ, ಗ್ರೀಸಿಗೆ ಹಾಕುವ ಬಣ್ಣ ಅದು. ಅದರ ಅಗತ್ಯವೇ ಇಲ್ಲದ ನಾಡು ನಮ್ಮದು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು, 2011ರಲ್ಲಿ ಭೌಗೋಳಿಕ ಗುರುತು ಪಡೆದದ್ದು. ಅದರ ಸತ್ವ ಲಿಪ್‌ಸ್ಟಿಕ್, ಉಗುರುಬಣ್ಣದ ತಯಾರಿಕೆಗೂ ಹೋಗುತ್ತದೆ. ಬ್ಯಾಡಗಿ ಮತ್ತು ಗುಂಟೂರು ಕಾಯಿಗಳನ್ನು ಬೆರೆಸಿ ಮನೆಯಲ್ಲೇ ಹುರಿದು ಪುಡಿ ಮಾಡಿಸಿದರೆ ಬಣ್ಣವೂ ಖಾರವೂ ಸರಿಯಾಗಿ ಬರುತ್ತವೆ. ಹುಳಿಪುಡಿ, ಸಾರಿನಪುಡಿಗೂ ಇದೇ ಮಾತು.

ಇನ್ನು ಕುಂಕುಮ. ಹಿಂದಿನವರು ಅರಿಸಿನಕ್ಕೆ ಸುಣ್ಣ, ಬಿಳಿಗಾರ, ಪಟಿಕ, ನಿಂಬೆರಸ ಬೆರೆಸಿ ಮಾಡುತ್ತಿದ್ದ ಕುಂಕುಮ ಗಾಢಗೆಂಪು. ಕಿತ್ತಳೆ ಛಾಯೆಯಲ್ಲಿ ಉರಿಯುವಂತೆ ಕಾಣುವ ಸಿಂಧೂರದಲ್ಲಿ ಸೀಸದ ಆಕ್ಸೈಡೋ ಪಾದರಸದ ಸಂಯುಕ್ತವೋ ಇರುವ ಸಂಭವವಿದೆ. ಅದು ಹಣೆಯಿಂದ ಬೆರಳಿಗೆ, ಬೆರಳಿನಿಂದ ಮಗುವಿನ ಬಾಯಿಗೆ ಹೋಗುತ್ತದೆ. ಪೂಜೆಗೆ ತಂದ ಬಣ್ಣದ ಪುಡಿಯನ್ನು ಅಡುಗೆಗೂ ತೀರ್ಥಕ್ಕೂ ಬೆರೆಸಬೇಡಿ. ಅಂಟಿಸುವ ಬಿಂದಿ ಇಡುವ ಜಾಗದಲ್ಲಿ ತುರಿಕೆಯಾಗಿ ಬಿಳಿಮಚ್ಚೆ ಕಂಡರೆ ಅಂದೇ ಬಿಡಿ. ಕೆಲವು ಅಂಟುಗಳಲ್ಲಿರುವ ಪಿಟಿಬಿಪಿ ಎಂಬ ರಾಸಾಯನಿಕ ಚರ್ಮದ ಬಣ್ಣದ ಕೋಶಗಳನ್ನೇ ಕೊಲ್ಲುತ್ತದೆ.

ಸೀಸದ ವಿಷಯದಲ್ಲಿ ಊಟವೇ ಒಂದು ಕಾವಲು. ಕಬ್ಬಿಣಾಂಶ, ಕ್ಯಾಲ್ಸಿಯಂ ಸಾಕಷ್ಟಿರುವ ಮಗುವಿನ ದೇಹ ಸೀಸವನ್ನು ಕಡಿಮೆ ಹೀರುತ್ತದೆ, ಹಸಿದ ಹೊಟ್ಟೆ ಹೆಚ್ಚು ಹೀರುತ್ತದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೆಳಿಗ್ಗೆ ಮಗುವನ್ನು ಬರಿಹೊಟ್ಟೆಯಲ್ಲಿ ಶಾಲೆಗೆ ಕಳಿಸಬೇಡಿ ಎಂಬ ಹಿರಿಯರ ಮಾತಿಗೆ ಇದೂ ಒಂದು ಕಾರಣವಾಗಲಿ. ಅನುಮಾನವಿದ್ದರೆ ಮಕ್ಕಳ ವೈದ್ಯರಲ್ಲಿ ರಕ್ತದ ಸೀಸದ ಪರೀಕ್ಷೆ ಕೇಳಿ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂಲವನ್ನು ಹುಡುಕಿ ತೆಗೆಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸೂಚನೆ.

ಎರಡನೆಯದು: ಬಾಯಿಗೆ ಹೋಗುವ ಬಣ್ಣ

2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಬಳಕೆಯನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್, ಮೀನಿನ ಖಾದ್ಯಗಳಿಗೂ ಕೃತಕ ಬಣ್ಣ ಹಾಕಬಾರದೆಂದು ಆದೇಶವಾಯಿತು. ರೋಡಮಿನ್-ಬಿ ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ, ಊಟಕ್ಕೆ ಎಂದೂ ಅನುಮತಿ ಇರಲಿಲ್ಲ. ಆದೇಶ ಬಂದು ಹೋದರೂ ಗಾಡಿಯ ಮುಂದೆ ನಿಂತಾಗ ನೋಡಬೇಕಾದದ್ದು ನಾವೇ. ಗೋಬಿ ತಿಂದ ಕೈಬೆರಳು ತೊಳೆದ ಮೇಲೂ ಗುಲಾಬಿಯಾಗಿಯೇ ಉಳಿದರೆ ಆ ಗಾಡಿ ಬೇಡ. “ಕಲರ್ ಹಾಕದೆ ಮಾಡಿಕೊಡಿ” ಎಂದು ಬಾಯಿಬಿಟ್ಟು ಕೇಳಿ. ಬಹಳ ಗಾಡಿಯವರು ಮಾಡಿಕೊಡುತ್ತಾರೆ, ಏಕೆಂದರೆ ಬಣ್ಣ ಅವರ ಇಷ್ಟವಲ್ಲ, ಗಿರಾಕಿಯ ಇಷ್ಟ. ಮನೆಯಲ್ಲಿ ಮಾಡುವಾಗ ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಲ್ಲಿ ನೆನೆಸಿ, ಬೀಜ ತೆಗೆದು ನುಣ್ಣಗೆ ರುಬ್ಬಿ ಹಾಕಿ. ಅದಕ್ಕಿಂತ ಚೆಂದದ ಕೆಂಪು ಪೊಟ್ಟಣದಲ್ಲಿ ಬರುವುದಿಲ್ಲ.

ಪೊಟ್ಟಣದ ತಿಂಡಿಗಳಲ್ಲಿ ನಮ್ಮ ದೇಶ 8 ಕೃತಕ ಬಣ್ಣಗಳಿಗೆ ಮಿತಿಯೊಳಗೆ ಅನುಮತಿ ಕೊಟ್ಟಿದೆ. ಲೇಬಲ್ಲಿನಲ್ಲಿ ಐಎನ್‌ಎಸ್ 102, 110, 122, 124, 133 ಎಂದು ಕಾಣುವುದು ಅವೇ. ಅನುಮತಿ ಇದೆ ಎಂದಮೇಲೆ ಒಂದು ಜೆಲ್ಲಿ ತಿಂದರೆ ಅನಾಹುತವೇನೂ ಆಗದು. ಆದರೆ ಜೆಲ್ಲಿ, ಚಿಪ್ಸ್, ಶರಬತ್ತು, ಕೇಕ್ ಎಲ್ಲವೂ ಒಂದೇ ಮಗುವಿನ ಒಂದೇ ದಿನದ ಹೊಟ್ಟೆಗೆ ಹೋದಾಗ ಮಿತಿಯ ಲೆಕ್ಕ ತಪ್ಪುತ್ತದೆ. ದಿನಕ್ಕೆ ಬಣ್ಣದ ತಿಂಡಿ ಒಂದೇ, ಅದೂ ಪ್ರತಿದಿನವಲ್ಲ ಎಂಬ ನಿಯಮ ಮಕ್ಕಳಿಗೂ ಅರ್ಥವಾಗುತ್ತದೆ.

ಬೆಲ್ಲ ಕೊಳ್ಳುವಾಗ ಗಾಢ ಕಂದು ಬಣ್ಣದ್ದು, ಸ್ವಲ್ಪ ಮೆತ್ತಗಿನದು, ಮಳೆಗಾಲದಲ್ಲಿ ಬೆವರುವಂಥದ್ದು ಇರಲಿ. ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ ಬಳಸುವ ಪದ್ಧತಿ ನಮ್ಮ ಆಲೆಮನೆಗಳಲ್ಲಿ ಇದ್ದೇ ಇದೆ. ಮಂಡ್ಯದ ಕಡೆ ಈಗಲೂ ಹಾಗೆ ಮಾಡುವವರಿದ್ದಾರೆ, ಕೇಳಿ ತರಿಸಿಕೊಳ್ಳಬೇಕಷ್ಟೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷದಲ್ಲಿ 70 ಭಾಗ) ಮೀರಬಾರದು ಎಂಬ ನಿಯಮವಿದೆ. ಉಬ್ಬಸ ಇರುವವರಿಗೆ ಈ ಗಂಧಕ ಕೂಡಲೇ ತೊಂದರೆ ಕೊಡುತ್ತದೆ.

ಮಾವಿಗೆ ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಮಾಗಿಸುವುದು ಕಾನೂನುಬಾಹಿರ. ಅದರ ಅನಿಲದ ಜೊತೆ ಆರ್ಸೆನಿಕ್, ರಂಜಕದ ಅಂಶಗಳು ಬರುತ್ತವೆ. ಎಥಿಲೀನ್ ಅನಿಲದಿಂದ ಮಾಗಿಸುವುದಕ್ಕೆ ಅನುಮತಿ ಇದೆ, ಅದಕ್ಕೆ ಹೆದರಬೇಕಿಲ್ಲ. ಯುಗಾದಿಗೂ ಮುಂಚೆ ರಾಶಿ ಬೀಳುವ ಹಳದಿ ಹಣ್ಣಿಗೆ ಆತುರಪಡಬೇಡಿ. ಮೇ ತಿಂಗಳಲ್ಲಿ ಬಲಿತ ಕಾಯಿಯನ್ನೇ ತಂದು ಹುಲ್ಲಿನಲ್ಲೋ ಅಕ್ಕಿ ಡಬ್ಬದಲ್ಲೋ ಇಟ್ಟು ಹಣ್ಣು ಮಾಡಿ.

ಮೂರನೆಯದು: ಬಿಸಿ ಮುಟ್ಟುವ ಜಾಗ

ಪ್ಲಾಸ್ಟಿಕ್ಕಿನಲ್ಲಿ ಬೇಳೆ, ಅಕ್ಕಿ ತುಂಬಿಡುವುದು ದೊಡ್ಡ ಸಮಸ್ಯೆಯಲ್ಲ. ಬಿಸಿ, ಎಣ್ಣೆ, ಹುಳಿ ಈ ಮೂರರಲ್ಲಿ ಒಂದು ಸೇರಿದಾಗ ಪ್ಲಾಸ್ಟಿಕ್ಕಿನ ಅಂಶ ಊಟಕ್ಕೆ ಇಳಿಯುವುದು ಹೆಚ್ಚಾಗುತ್ತದೆ. ಹೋಟೆಲಿನಿಂದ ಕವರಿನಲ್ಲಿ ಕಟ್ಟಿಸಿಕೊಂಡು ಬರುವ ಕುದಿಕುದಿ ಸಾಂಬಾರಿನಲ್ಲಿ ಮೂರೂ ಒಟ್ಟಿಗೇ ಇವೆ. 2025ರ ಫೆಬ್ರುವರಿಯಲ್ಲಿ ರಾಜ್ಯದ ಅಧಿಕಾರಿಗಳು 251 ಕಡೆ ಪರಿಶೀಲಿಸಿದಾಗ 52 ಕಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದರು. ಆಮೇಲೆ ಅದನ್ನು ನಿಷೇಧಿಸಲಾಯಿತು. ಇಡ್ಲಿಯ ಮೇಲೆ ಬಟ್ಟೆಯ ನೇಯ್ಗೆಯ ಗುರುತು ಇದೆಯೇ, ನುಣ್ಣಗೆ ಹೊಳೆಯುತ್ತಿದೆಯೇ ನೋಡಿ.

ಸ್ಕೂಟರಿನ ಡಿಕ್ಕಿಯಲ್ಲಿ, ಕಾರಿನ ಸೀಟಿನಡಿ ಯಾವಾಗಲೂ ಎರಡು ಸ್ಟೀಲ್ ಡಬ್ಬಿ ಇಟ್ಟುಕೊಳ್ಳಿ. ಪಾರ್ಸೆಲ್ ಅದರಲ್ಲೇ ಹಾಕಿಸಿಕೊಳ್ಳಿ. ಬಜ್ಜಿ, ಬೋಂಡವನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟುವುದಕ್ಕೂ ನಿಷೇಧವಿದೆ, ಬಿಸಿ ಎಣ್ಣೆಗೆ ಮುದ್ರಣದ ಶಾಯಿ ಕರಗುತ್ತದೆ. ಬಾಳೆಲೆ, ಮುತ್ತುಗದ ಎಲೆ ಕೇಳಿ. ಪೇಪರ್ ಕಪ್ಪಿನ ಒಳಗೂ ತೆಳು ಪ್ಲಾಸ್ಟಿಕ್ ಪದರವಿರುತ್ತದೆ. ಐಐಟಿ ಖರಗ್‌ಪುರದ ಸಂಶೋಧಕರು 100 ಮಿಲಿಲೀಟರ್ ಬಿಸಿ ನೀರನ್ನು 15 ನಿಮಿಷ ಬಿಟ್ಟು ನೋಡಿದಾಗ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಸಿಕ್ಕವು. ಕಚೇರಿಯಲ್ಲಿ ನಿಮ್ಮದೇ ಲೋಟ ಇಟ್ಟುಕೊಳ್ಳಿ. ಮೈಕ್ರೋವೇವ್ ಒಳಗೆ ಗಾಜು, ಪಿಂಗಾಣಿ ಮಾತ್ರ, ಡಬ್ಬದ ಮೇಲೆ ‘ಮೈಕ್ರೋವೇವ್ ಸೇಫ್’ ಎಂದು ಬರೆದಿದ್ದರೂ ಸರಿ. ಆ ಮಾತು ಡಬ್ಬ ಕರಗುವುದಿಲ್ಲ ಎಂದು ಹೇಳುತ್ತದೆಯೇ ಹೊರತು ಅದರಿಂದ ಏನೂ ಇಳಿಯುವುದಿಲ್ಲ ಎಂದಲ್ಲ. ಕರಿದ ಎಣ್ಣೆ ಕಪ್ಪಾಗಿ, ನೊರೆ ಕಟ್ಟಿ, ಬೇಗ ಹೊಗೆಯಾಡಿದರೆ ಅದರ ಆಯಸ್ಸು ಮುಗಿಯಿತು. ಅದನ್ನು ಮರುದಿನದ ಒಗ್ಗರಣೆಗೆ ಉಳಿಸಬೇಡಿ.

ನಾಲ್ಕನೆಯದು: ಪಾತ್ರೆ

ಹುಳಿ, ಸಾರು, ಗೊಜ್ಜು, ಟೊಮೆಟೊ ಬಾತ್‌ಗೆ ಅಲ್ಯೂಮಿನಿಯಂ ಬೇಡ, ಸ್ಟೀಲ್ ಬಳಸಿ. ಹುಣಸೆಯ ಆಮ್ಲ ಲೋಹವನ್ನು ಕರಗಿಸುತ್ತದೆ. ಗುಜರಿ ಲೋಹ ಕರಗಿಸಿ ಎರಕ ಹೊಯ್ದ, ಹೆಸರು ವಿಳಾಸ ಇಲ್ಲದ ಹಿಂಡಾಲಿಯಂ ಪಾತ್ರೆಗಳಲ್ಲಿ ಸೀಸವೂ ಸೇರಿರಬಹುದು. ಇಂಥ ಕೆಲವು ಆಮದು ಪಾತ್ರೆಗಳಿಂದ ಊಟಕ್ಕೆ ಸೀಸ ಇಳಿಯುತ್ತದೆಂದು ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ 2025ರ ಆಗಸ್ಟ್‌ನಲ್ಲಿ ಎಚ್ಚರಿಸಿತು. ಊರಿನಿಂದ ಅಮೆರಿಕಕ್ಕೆ ಕಡಾಯಿ ಹೊತ್ತುಕೊಂಡು ಹೋಗುವ ಮಕ್ಕಳಿಗೆ ಇದನ್ನು ಹೇಳಿ, ಬದಲಿಗೆ ಬೀಡಿನ ಕಾವಲಿ ಕೊಟ್ಟು ಕಳಿಸಿ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರವೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಹಾಗೆಯೇ ಸಾರಿಗೆ ರುಚಿ ಕೊಡುತ್ತದೆಂದು ತರುವ ಈಯದ ಚೊಂಬು ತವರದ್ದಾಗಿರಬೇಕು. ಅಗ್ಗಕ್ಕೆ ಸಿಕ್ಕರೆ ಸೀಸ ಬೆರೆತಿದೆಯೆಂದೇ ಅನುಮಾನಿಸಿ.

ನಾನ್‌ಸ್ಟಿಕ್ ತವೆಯನ್ನು ಖಾಲಿ ಕಾಯಿಸಬೇಡಿ. 260 ಡಿಗ್ರಿ ದಾಟಿದರೆ ಲೇಪನ ಕೆಡತೊಡಗುತ್ತದೆ. ಗೀರು ಬಿದ್ದು ಪದರ ಏಳುತ್ತಿದ್ದರೆ ಎಸೆಯಿರಿ. ಬೀಡಿನ ಕಾವಲಿಯನ್ನು ಎಣ್ಣೆ ಹಚ್ಚಿ ಪಳಗಿಸಿಕೊಂಡರೆ ದೋಸೆ ಅದರಷ್ಟೇ ಸಲೀಸಾಗಿ ಏಳುತ್ತದೆ, ಗರಿಯಂತೂ ಅದರಲ್ಲೇ ಚೆನ್ನ.

ಐದನೆಯದು: ತರಕಾರಿ ಮತ್ತು ನೀರು

ಮೊದಲು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯುವುದು ಅರ್ಧ ಕೆಲಸ. ಆಮೇಲೆ ಒಂದು ಲೀಟರ್ ನೀರಿಗೆ 10 ಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ ಅಡುಗೆ ಸೋಡಾ ಕದಡಿ, ಹತ್ತು ಹದಿನೈದು ನಿಮಿಷ ನೆನೆಸಿ, ಮತ್ತೆ ತೊಳೆಯಿರಿ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಸೇಬಿನ ಮೇಲೆ ಮಾಡಿದ ಪ್ರಯೋಗದಲ್ಲಿ ಮೇಲ್ಮೈಯ ಕೀಟನಾಶಕ ತೆಗೆಯಲು ಬರಿ ನೀರಿಗಿಂತ, ಬ್ಲೀಚ್ ನೀರಿಗಿಂತ ಇದೇ ಮೇಲೆನಿಸಿತು. ದ್ರಾಕ್ಷಿ, ಹೂಕೋಸು, ಕರಿಬೇವು, ಹಸಿಮೆಣಸಿಗೆ ಇದನ್ನು ತಪ್ಪದೆ ಮಾಡಿ. ಕರಿಬೇವನ್ನು ಹಿತ್ತಿಲಲ್ಲೋ ಕುಂಡದಲ್ಲೋ ಬೆಳೆದುಕೊಂಡರೆ ಇನ್ನೂ ಒಳ್ಳೆಯದು. ಭಾರತದ ಕರಿಬೇವಿನಲ್ಲಿ ಕೀಟನಾಶಕದ ಉಳಿಕೆ ಇರುತ್ತದೆಂದು ಯುರೋಪ್ ಅದನ್ನು ಗಡಿಯಲ್ಲೇ ವಿಶೇಷವಾಗಿ ತಪಾಸಣೆ ಮಾಡುತ್ತದೆ.

ಗಿಡದ ಒಳಗೇ ಹರಡುವ ಔಷಧಿ ತೊಳೆದರೆ ಹೋಗದು. ಭಾರಲೋಹಗಳೂ ಹೋಗವು. ಬೆಂಗಳೂರಿನ ಕೊಳಚೆ, ಕಾರ್ಖಾನೆ ನೀರು ಹೊತ್ತ ವೃಷಭಾವತಿ ಬೈರಮಂಗಲ ಕೆರೆ ಸೇರುತ್ತದೆ, ಆ ನೀರೇ ಹೊಲಗಳಿಗೂ ಹರಿಯುತ್ತದೆ. ಸೊಪ್ಪು ಅಂಥ ನೀರಿನ ಲೋಹಗಳನ್ನು ಚೆನ್ನಾಗಿ ಹೀರುತ್ತದೆ. ಹಾಗಾಗಿ ಸೊಪ್ಪು ಎಲ್ಲಿ ಬೆಳೆದದ್ದು ಎಂದು ಕೇಳುವುದು, ಒಂದೇ ಕಡೆಯಿಂದ ಒಂದೇ ಸೊಪ್ಪನ್ನು ವಾರಗಟ್ಟಲೆ ತರದೆ ಬದಲಿಸುತ್ತಿರುವುದು, ಕುಂಡದಲ್ಲಿ ನಾಲ್ಕು ಬಗೆ ಬೆಳೆದುಕೊಳ್ಳುವುದು ಇವೇ ದಾರಿ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ಮೀರಿದ್ದರೆ ಕುಡಿಯಲು, ಅಡುಗೆಗೆ ಆರ್‌ಒ ನೀರೋ ಮಳೆನೀರೋ ಬೇಕು. ನೀರಿನ ಪರೀಕ್ಷೆಯ ವರದಿ ನೋಡದೆ ಫಿಲ್ಟರ್ ಕೊಳ್ಳಬೇಡಿ.

ಆರನೆಯದು: ಕನ್ನಡಿಯ ಮುಂದಿನ ಕಪಾಟು

ಇಲ್ಲಿ ನಾನು ಬೇಡಿಕೊಂಡು ಹೇಳುವ ಮಾತೊಂದಿದೆ. ಹೆಸರಿಲ್ಲದ, ಪರದೇಶದ ಅಕ್ಷರಗಳಿರುವ, ವಾರದಲ್ಲಿ ಬೆಳ್ಳಗಾಗಿಸುತ್ತೇವೆನ್ನುವ ಕ್ರೀಮುಗಳನ್ನು ಇವತ್ತೇ ಬಿಡಿ. ಅಂಥ ಎಷ್ಟೋ ಕ್ರೀಮುಗಳಲ್ಲಿರುವ ಪಾದರಸ ಚರ್ಮದಲ್ಲಿ ಬಣ್ಣ ತಯಾರಾಗುವುದನ್ನೇ ತಡೆಯುತ್ತದೆ, ಅದಕ್ಕೇ ಅದು ಬೇಗ ‘ಕೆಲಸ’ ಮಾಡುತ್ತದೆ. ಅಲ್ಲಿಂದ ಅದು ಮೂತ್ರಪಿಂಡಕ್ಕೆ ಹೋಗುತ್ತದೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಮೆಂಬ್ರೇನಸ್ ನೆಫ್ರೋಪತಿಯ 22 ರೋಗಿಗಳನ್ನು ನೋಡಿದರು. ಅವರಲ್ಲಿ 15 ಜನರಲ್ಲಿ ಅಪರೂಪದ ಒಂದೇ ಬಗೆ ಕಂಡಿತು. ಆ 15 ಜನರಲ್ಲಿ 13 ಜನ ಬಿಳಿಚಿಸುವ ಕ್ರೀಮ್ ಹಚ್ಚುತ್ತಿದ್ದರು. ಕ್ರೀಮ್ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು ಎಂಬುದೇ ಸಮಾಧಾನ. ಕಾಲು ಊದುವುದು, ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ಮೂತ್ರದಲ್ಲಿ ನೊರೆ, ಇವು ಕಂಡರೆ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.

ಲೇಬಲ್ಲಿನಲ್ಲಿ ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಮರ್ಕ್ಯುರಿಕ್, ಮರ್ಕ್ಯುರಿಯೊ ಎಂಬ ಪದ ಕಂಡರೆ ಬೇಡ. ‘ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ ಒಡವೆಗೆ ತಾಗಿಸಬೇಡಿ’ ಎಂಬ ಸೂಚನೆ ಇದ್ದರೂ ಬೇಡ, ಅದು ಪಾದರಸದ ಗುರುತು. ಅನೇಕ ಡಬ್ಬಿಗಳಲ್ಲಿ ಏನೂ ಬರೆದಿರುವುದಿಲ್ಲ. ಆದ್ದರಿಂದ ತಯಾರಕರ ಪೂರ್ತಿ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಆಮದಾದದ್ದಾದರೆ ಆಮದುದಾರರ ಹೆಸರು ಮತ್ತು ನೋಂದಣಿ ಸಂಖ್ಯೆ ಇಲ್ಲದ ಯಾವುದನ್ನೂ ಮುಖಕ್ಕೆ ಹಚ್ಚಬೇಡಿ. ಪಾದರಸ ಆವಿಯಾಗುತ್ತದೆ, ದಿಂಬಿಗೆ, ಟವೆಲಿಗೆ ಅಂಟುತ್ತದೆ. ತಾಯಿ ಹಚ್ಚಿಕೊಂಡರೂ ಪಕ್ಕದಲ್ಲಿ ಮಲಗುವ ಮಗುವಿಗೆ ತಲುಪುತ್ತದೆ. ಉಳಿದದ್ದನ್ನು ಸಿಂಕಿಗೆ ತೊಳೆಯದೆ, ಗಟ್ಟಿಯಾಗಿ ಕಟ್ಟಿ ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡಿ.

ಇನ್ನೊಂದು ಮೋಸ ಸ್ಟೀರಾಯ್ಡ್. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಇರುವ ಮುಲಾಮುಗಳು ರೋಗಕ್ಕೆ ಔಷಧಿ, ಸೌಂದರ್ಯಕ್ಕಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣುತ್ತವೆ, ಬಿಟ್ಟರೆ ಉರಿ ಏಳುತ್ತದೆ. ಈಗಾಗಲೇ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ಚರ್ಮವೈದ್ಯರನ್ನು ಕಾಣಿ. ನಮ್ಮ ಮೈಬಣ್ಣಕ್ಕೆ ಮದ್ದು ಬೇಕಿಲ್ಲ ಎಂದು ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದಲೇ ಹೇಳುವುದು ಯಾವ ಲೇಬಲ್ ಓದುವುದಕ್ಕಿಂತ ಹೆಚ್ಚು ಕಾಪಾಡುತ್ತದೆ.

ಕೂದಲಿಗೆ ಬರೋಣ. ನಿಜವಾದ ಮದರಂಗಿ ಗಂಟೆಗಟ್ಟಲೆ ಇಟ್ಟರೆ ಕಿತ್ತಳೆಯಿಂದ ಕೆಂಗಂದು ಬರುತ್ತದೆ, ಎಂದೂ ಕಪ್ಪಾಗುವುದಿಲ್ಲ. ‘ಕಪ್ಪು ಮೆಹಂದಿ’ ಎಂದು ಮಾರುವುದರಲ್ಲಿ ಪಿಪಿಡಿ ಎಂಬ ಡೈ ಇರುತ್ತದೆ. ಮದುವೆಮನೆಯ ಕೋನ್‌ನಲ್ಲಿ ಅದಿದ್ದರೆ ಕೈಮೇಲೆ ಗುಳ್ಳೆ ಎದ್ದು ಕಲೆ ಉಳಿಯಬಹುದು, ಒಮ್ಮೆ ಅಲರ್ಜಿ ಅಂಟಿದರೆ ಜೀವನಪೂರ್ತಿ ಬಿಡದು. ಡೈ ಹಚ್ಚುವವರು ಪ್ರತಿ ಬಾರಿ 48 ಗಂಟೆ ಮುಂಚೆ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಿ. ಕೂದಲು ನೇರ ಮಾಡಿಸುವಾಗ ಕಣ್ಣು, ಮೂಗು ಉರಿದರೆ ಅದು ಫಾರ್ಮಾಲ್ಡಿಹೈಡ್ ಎಂಬ ವಿಷಕಾರಿ ಅನಿಲ. ಎದ್ದು ಬನ್ನಿ.

ಸೋಪು, ಶಾಂಪೂಗಳ ಬಗ್ಗೆ ನನಗೆ ಅಷ್ಟು ಆತಂಕವಿಲ್ಲ, ತೊಳೆದುಹೋಗುತ್ತವೆ. ಮೈಮೇಲೆ ಉಳಿಯುವ ಲೋಶನ್, ಡಿಯೊಡರೆಂಟ್‌ಗಳಲ್ಲಿ ಮಾತ್ರ ಸುಗಂಧವಿಲ್ಲದ್ದನ್ನು ಆರಿಸಿ. ಲೇಬಲ್ಲಿನಲ್ಲಿ ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕ ಅಡಗಿರಬಹುದು. ‘ನ್ಯಾಚುರಲ್’, ‘ಹರ್ಬಲ್’, ‘ಕೆಮಿಕಲ್ ಫ್ರೀ’ ಎಂಬ ಮಾತುಗಳನ್ನು ನಂಬಿ ಹೆಚ್ಚು ಹಣ ಕೊಡಬೇಡಿ.

ಏಳನೆಯದು: ಕೂಸಿರುವ ಮನೆ

ಬಾಣಂತಿ, ಕೂಸು ಮನೆಗೆ ಬರುವ ಮುಂಚೆ ಬೀರುವಿನಿಂದ ನುಸಿಗುಳಿಗೆ ತೆಗೆದುಬಿಡಿ. ಅದರ ನ್ಯಾಫ್ತಲೀನ್ ಬಟ್ಟೆಯಲ್ಲಿ ಕೂತು, ಜಿ6ಪಿಡಿ ಎಂಬ ಕಿಣ್ವದ ಹುಟ್ಟು ಕೊರತೆ ಇರುವ ಹಸುಗೂಸಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಕಾಮಾಲೆ ಮಿದುಳಿಗೆ ಏರುವ ಅಪಾಯವಿದೆ. ಅಜ್ಜಿಯ ಹಳೆಯ ರೇಷ್ಮೆ, ಕಂಬಳಿಯನ್ನು ಒಗೆದು, ಬಿಸಿಲಿಗೆ ಹಾಕದೆ ಹೊದಿಸಬೇಡಿ. ನುಸಿಗೆ ಒಣ ಬೇವಿನೆಲೆ ಸಾಕು.

ಕಣ್ಣಿಗೆ ಕಾಡಿಗೆ ಬೇಡ. ಸುರ್ಮಾ, ಕೆಲವು ಅಂಗಡಿ ಕಾಡಿಗೆಗಳಲ್ಲಿ ಸೀಸದ ಸಲ್ಫೈಡ್ ಇರುತ್ತದೆ. ಮನೆಯ ದೀಪದ ಕಾಡಿಗೆಯಲ್ಲಿ ಅದಿಲ್ಲದಿದ್ದರೂ ಬೆರಳಿನಿಂದ ಸೋಂಕು ತಗಲುತ್ತದೆ. ದೃಷ್ಟಿಬೊಟ್ಟು ಇಡಲೇಬೇಕೆನಿಸಿದರೆ ಅಂಗಾಲಿಗೆ ಇಡಿ. ಪೌಡರ್ ಕೊಡವಬೇಡಿ, ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ಮಾತು ಬೇಗ ಬರಲೆಂದು ಬಜೆ ತೇದು ನೆಕ್ಕಿಸುವ ರೂಢಿಯನ್ನೂ ಬಿಡಬೇಕೆಂದು ಹಿರಿಯರಲ್ಲಿ ಪ್ರೀತಿಯಿಂದ ಹೇಳಿ. ಬಜೆಯ ಬೀಟಾ-ಅಸರೋನ್ ಇಲಿಗಳಲ್ಲಿ ಕ್ಯಾನ್ಸರ್ ತಂದದ್ದರಿಂದ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ನಿಷೇಧಿಸಿತು. ಗಿಡಮೂಲಿಕೆ ಎಂದಾಕ್ಷಣ ಕೂಸಿನ ಬಾಯಿಗೆ ಹಾಕಬಹುದು ಎಂದಲ್ಲ.

ಸೊಳ್ಳೆಬತ್ತಿ ಬದಲು ಪರದೆ ಕಟ್ಟಿ. ಒಂದು ಬತ್ತಿ ಉರಿದರೆ ಬರುವ ಸೂಕ್ಷ್ಮಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರ ಅಧ್ಯಯನವೊಂದು ಅಳೆದಿತ್ತು. ‘ಸೊಳ್ಳೆ ಓಡಿಸುವ ಅಗರಬತ್ತಿ’ಗಳಲ್ಲಿ ಅನುಮತಿಯಿಲ್ಲದ ಕೀಟನಾಶಕ ಸಿಕ್ಕ ಉದಾಹರಣೆಗಳಿವೆ. ಪೂಜೆಯ ಅಗರಬತ್ತಿ ಹಚ್ಚುವಾಗಲೂ ಕಿಟಕಿ ತೆರೆದಿರಲಿ. ಅಂಗಡಿಯ ನುಣುಪು ಬಿಲ್ಲುಗಳನ್ನು ಮಕ್ಕಳ ಕೈಗೆ ಆಡಲು ಕೊಡಬೇಡಿ, ಅವುಗಳ ಲೇಪನದಲ್ಲಿ ಹಾರ್ಮೋನುಗಳನ್ನು ಏರುಪೇರು ಮಾಡುವ ಬಿಸ್ಫಿನಾಲ್ ಇರಬಹುದು.

ಅನುಮಾನ ಬಂದಾಗ

ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆ ಇರಬೇಕು. ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಪರಿಶೀಲಿಸಬಹುದು, ಫೋಟೊ ಸಹಿತ ದೂರು ಕೊಡಬಹುದು. 2006ರ ಆಹಾರ ಸುರಕ್ಷತಾ ಕಾಯಿದೆಯ 40ನೇ ಕಲಂ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರವನ್ನು ಪರೀಕ್ಷೆಗೆ ಕೊಡಬಹುದು, ಆಹಾರ ಕಾಯಿದೆಯ ನಿಯಮಗಳಿಗೆ ತಕ್ಕಂತಿಲ್ಲ ಎಂದು ವರದಿ ಬಂದರೆ ಆ ಶುಲ್ಕ ವಾಪಸ್ ಬರುತ್ತದೆ. ಕ್ರೀಮು, ಡೈಗಳ ದೂರು ಔಷಧ ನಿಯಂತ್ರಣ ಇಲಾಖೆಗೆ ಹೋಗಬೇಕು. ಎರಡಕ್ಕೂ ಬೇಕಾದದ್ದು ಬಿಲ್ಲು, ಬ್ಯಾಚ್ ಸಂಖ್ಯೆ, ಸ್ವಲ್ಪ ಉಳಿದ ಮಾಲು. ಹಾಗಾಗಿ ಅನುಮಾನ ಬಂದ ಪೊಟ್ಟಣವನ್ನು ಸಿಟ್ಟಿನಲ್ಲಿ ಎಸೆಯದೆ, ಹಾಗೇ ಮಡಿಸಿ ಒಣಗಿದ ಡಬ್ಬಿಯಲ್ಲಿ ಮುಚ್ಚಿ, ಮಕ್ಕಳಿಗೆ ಸಿಗದ ಜಾಗದಲ್ಲಿಟ್ಟು, ಅಂದೇ ದೂರು ದಾಖಲಿಸಿ.